ಮರಿಯಾ ಉಸ್ಪೆನ್‌ಸ್ಕಾಯ: ನಟಿಯೂ ಉಪಾಧ್ಯಾಯಿನಿಯೂ ಆದವಳ ಚರಿತ್ರೆ

ನಮ್ಮ ಪತ್ರಿಕೆಯ ವಾಚಕರು ಶಾಸನಗಳ ವಿಚಾರವನ್ನೂ ದೇವಾಲಯಗಳ ವಿಚಾರವನ್ನೂ ಹಳೆಯ ಮನೆತನಗಳ ವಂಶಾವಳಿಗಳನ್ನೂ ಓದಿ ಅಭ್ಯಾಸವುಳ್ಳವರು. ಅಂಥವರ ಮುಂದೆ ಅಮೆರಿಕಾ ದೇಶದ ಚಲಚ್ಚಿತ್ರಗಳಲ್ಲಿ ಮುದುಕಿಯರ ಪಾತ್ರಗಳನ್ನು ವಹಿಸುತ್ತಿದ್ದ ರಷ್ಯನ್ ಹೆಂಗಸೊಬ್ಬಳ ಚರಿತ್ರೆಯನ್ನು ಇಡಲು ಹೊರಟ ನನ್ನ ಸಾಹಸಕ್ಕೆ ಕಾರಣವನ್ನು ಮೊದಲೇ ಅರಿಕೆ ಮಾಡಿಕೊಳ್ಳುವುದು ಯುಕ್ತ. ಕಾರಣಗಳು ಎರಡು. ಆಕೆ ಲೋಕದ ಕಣ್ಣಿಗೆ ನಟಿಯಾಗಿದ್ದರೂ ವೃತ್ತಿಯಿಂದಲೂ ಮನೋಧರ್ಮದಿಂದಲೂ ಉಪಾಧ್ಯಾಯಿನಿ. ಮೂವತ್ತಕ್ಕೂ ಮಿಕ್ಕಿ ವರ್ಷ ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ನನಗೆ ಇಂಥವರ ಚರಿತ್ರೆಯಲ್ಲಿ ಸ್ವಜಾತಿಪ್ರೇಮವೆಂಬುದು ಸಹಜ. ಎರಡನೆಯದು, ಬಹುಕಾಲದಿಂದ ನನ್ನ ಮನಸ್ಸನ್ನು ಬಾಧಿಸುತ್ತಿದ್ದ ಒಂದು ಸಂದೇಹಕ್ಕೆ ಈಕೆಯ ಚರಿತ್ರೆಯನ್ನು ಓದುವಾಗ ಸಮಾಧಾನದ ಸುಳಿವು ದೊರಕಿತು. ಆ ಸಂದೇಹವನ್ನು ಅದರ ಸ್ಥಾನದಲ್ಲಿ ಹೇಳುವೆನು. ಮೊದಲು ಕಥೆ.

೧

ಮರಿಯಾ ಅಲೆಕ್ಸೆಯೆವ್ನಾ ಉಸ್ಪೆನ್‌ಸ್ಕಾಯ ಹುಟ್ಟಿದುದು ೧೮೭೬ನೆಯ ಇಸವಿ ಜುಲೈ ತಿಂಗಳು ೨೯ನೆಯ ತಾರೀಖು, ಮಾಸ್ಕೋ ನಗರದ ದಕ್ಷಿಣಕ್ಕಿರುವ ತೂಲಾ ಪಟ್ಟಣದಲ್ಲಿ. ತಂದೆ ವಕೀಲ. ಹುಡುಗಿಗೆ ಸಂಗೀತದಲ್ಲಿ ಆಸೆಯಿದ್ದಿತು. ವಾರ್ಸಾ ನಗರದ ಸಂಗೀತಶಾಲೆಗೆ ಸೇರಿ ಗಾಯನವನ್ನು ಅಭ್ಯಾಸಮಾಡತೊಡಗಿದಳು. ಆದರೆ ಹಣದ ಅಭಾವದಿಂದ ಆ ವಿದ್ಯೆ ಕೊನೆಮುಟ್ಟಲಿಲ್ಲ. ಬಳಿಕ ಮಾಸ್ಕೋ ನಗರಕ್ಕೆ ಬಂದು ಅಡಾಷೆವ್ ಎಂಬಾತನ ನಾಟ್ಯಶಾಲೆಯಲ್ಲಿ ಅಭಿನಯವನ್ನು ಕಲಿತಳು. ಸಂಚಾರಿ ನಾಟಕ ಮಂಡಲಿಗಳೊಡನೆ ಊರೂರು ಅಲೆದು, ಇಂದು ಒಂದು ವೇಷ, ನಾಳೆ ಮತ್ತೊಂದು ವೇಷ ಎಂಬಂತೆ ಕೆಲವು ವರ್ಷಗಳನ್ನು ಕಳೆದಳು. ನಮ್ಮ ಹಿಂದಿನ ವೃತ್ತಿ ನಾಟಕ ಕಂಪೆನಿಗಳ ಕಲಾವಿದರು ಕಂಡ ಕಷ್ಟಗಳನ್ನೆಲ್ಲ ಆಕೆಯೂ ಕಂಡವಳೇ ಎಂದು ತಿಳಿದರೆ ತಪ್ಪಾಗದು.

ಆ ಕಾಲದಲ್ಲಿ ಮಾಸ್ಕೋ ನಗರದ ಕಲಾ ರಂಗಮಂದಿರವು ಯೂರೋಪಿನ ನಾಟ್ಯಕ್ಕೆ ಹೊಸ ದಾರಿಯನ್ನು ತೋರಿಸುತ್ತಿದ್ದಿತು. ೧೮೯೮ರಲ್ಲಿ ಸ್ಟಾನಿಸ್ಲಾವ್‌ಸ್ಕಿ, ನೆಮಿರೋವಿಚ್-ಡಾನ್‌ಚೆಂಕೊ ಎಂಬ ಇಬ್ಬರು ಸ್ಥಾಪಿಸಿದ ಈ ಸಂಸ್ಥೆಯಲ್ಲಿ ಅಬ್ಬರದ ಕಂಠಧ್ವನಿಗೂ ಹುಸಿ ಅಂಗವಿನ್ಯಾಸಕ್ಕೂ ಸ್ಥಾನವಿರಲಿಲ್ಲ. ಚೆಖೋವನ ನಾಟಕಗಳಿಗೆ ಅಲ್ಲಿ ಜೀವ ಬಂದಿತು. ನಟನು ತನ್ನ ಒಳಗಿನಿಂದ ಪಾತ್ರವನ್ನು ಹೇಗೆ ಹುಟ್ಟಿಸಬೇಕೆಂಬುದನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವುದಕ್ಕಾಗಿ ೧೯೧೨ರಲ್ಲಿ ಸ್ಟಾನಿಸ್ಲಾವ್‌ಸ್ಕಿ ‘ಪ್ರಥಮ ಸ್ಟುಡಿಯೋ’ ಎಂಬ ಒಂದು ಸಣ್ಣ ಪ್ರಯೋಗಶಾಲೆಯನ್ನು ತೆರೆದು, ಅದರ ಮೇಲ್ವಿಚಾರಣೆಯನ್ನು ಸುಲೆರ್ಜಿಟ್‌ಸ್ಕಿ ಎಂಬ ಸಾಧುಸ್ವಭಾವದ ಮನುಷ್ಯನಿಗೆ ಒಪ್ಪಿಸಿದನು. ಈ ಸುಲೆರ್ಜಿಟ್‌ಸ್ಕಿ ಟಾಲ್‌ಸ್ಟಾಯ್ ಮಹಾಶಯನ ಅನುಯಾಯಿ. ಆಯುಧ ಹಿಡಿಯಲೊಪ್ಪದ ದುಖೊಬೋರ್ ಪಂಗಡದವರನ್ನು ರಷ್ಯದಿಂದ ಕೆನಡಾ ದೇಶಕ್ಕೆ ಹಡಗಿನಲ್ಲಿ ಕರೆದೊಯ್ದು ಬಿಟ್ಟುಬಂದವನು. ಇಂಥವನ ಕೈಕೆಳಗೆ, ವಖ್ತಾಂಗೊವ್, ಮಿಖಾಯಿಲ್ ಚೆಖೋವ್, ಬೊಲೆಸ್ಲಾವ್‌ಸ್ಕಿ ಮೊದಲಾದ ತರುಣರ ಸಹವಾಸದಲ್ಲಿ, ಮರಿಯಾ ಉಸ್ಪೆನ್‌ಸ್ಕಾಯ ತನ್ನ ವಿದ್ಯೆಯನ್ನು ಪಕ್ವಗೊಳಿಸಿಕೊಂಡಳು. ಆಗ ಆಕೆಗೆ ವಯಸ್ಸು ಮೂವತ್ತೈದು ದಾಟಿದ್ದಿತು.

ಇಲ್ಲಿ ಒಂದು ವಿಷಯ ಭಾರತೀಯರಾದ ನಮಗೆ ಕುತೂಹಲಕರವಾದುದು. ಆ ಪ್ರಯೋಗಶಾಲೆಯ ಅಭ್ಯಾಸಗಳಲ್ಲಿ ‘ಪ್ರಾಣ’ ಎಂಬ ನಮ್ಮ ಶಬ್ದವೇ ಬಳಕೆಯಲ್ಲಿದ್ದಿತು. ವಿದ್ಯಾರ್ಥಿಗಳು ತಮ್ಮ ಸುತ್ತ ಒಂದು ವರ್ತುಲವನ್ನು ಭಾವಿಸಿಕೊಂಡು ಮನಸ್ಸನ್ನು ಏಕಾಗ್ರಗೊಳಿಸಿ, ಪ್ರಾಣವು ಕಿರಣಗಳಂತೆ ಬೆರಳ ತುದಿಯಿಂದ ಹೊರಟು ಎದುರಿನ ನಟನನ್ನು ಮುಟ್ಟುವಂತೆ ಅಭ್ಯಾಸ ಮಾಡುತ್ತಿದ್ದರೆಂದು ಆಕೆಯ ಸಹಪಾಠಿನಿಯಾದ ವೇರಾ ಸೊಲೊವ್ಯೋವ ಮುಂದೆ ನೆನೆದುಕೊಂಡಿರುವಳು. ಇದು ಅಲ್ಲಿಗೆ ಹೋದ ಮಾರ್ಗ ಮಾತ್ರ ವಿಚಿತ್ರ. ‘ಯೋಗಿ ರಾಮಚರಕ’ ಎಂಬ ಹೆಸರಿನಿಂದ ಪ್ರಕಟವಾಗಿದ್ದ ಹಠಯೋಗ ಮೊದಲಾದ ಇಂಗ್ಲಿಷು ಪುಸ್ತಕಗಳು ರಷ್ಯನ್ ಭಾಷೆಗೆ ಪರಿವರ್ತನೆಗೊಂಡು ಸ್ಟಾನಿಸ್ಲಾವ್‌ಸ್ಕಿಯ ಕೈಸೇರಿದ್ದುವು. ಆ ರಾಮಚರಕನಾದರೋ ಯೋಗಿಯೂ ಅಲ್ಲ, ಭಾರತೀಯನೂ ಅಲ್ಲ. ಷಿಕಾಗೊ ನಗರದಲ್ಲಿ ಗ್ರಂಥವ್ಯವಸಾಯ ಮಾಡುತ್ತಿದ್ದ ವಿಲಿಯಂ ವಾಕರ್ ಅಟ್ಕಿನ್ಸನ್ ಎಂಬ ಅಮೆರಿಕನನು! ಉಪನಿಷತ್ತಿನ ಪ್ರಾಣವಿದ್ಯೆಗೂ ಈ ಪುಸ್ತಕಗಳ ಪ್ರಾಣಕ್ಕೂ ಅಂತರ ಬಹಳ. ಆದರೂ ಗಂಗೆಯ ಒಂದು ಹನಿ ಎಷ್ಟು ಕೈ ಬದಲಾಯಿಸಿ, ಎಷ್ಟು ಕಲಬೆರಕೆಯಾಗಿ ಹೋದರೂ, ಯಾರದೋ ಬಾಯಾರಿಕೆಗೆ ಒದಗಿದರೆ ಅದನ್ನು ನಾವು ಜರೆಯಬೇಕಾದುದಿಲ್ಲ.

೨

೧೯೧೭ರಲ್ಲಿ ರಷ್ಯದಲ್ಲಿ ರಾಜ್ಯಕ್ರಾಂತಿಯಾಯಿತು. ಅನಂತರದ ಅಂತರ್ಯುದ್ಧ, ಕ್ಷಾಮ, ಚಳಿ ಇವುಗಳ ನಡುವೆಯೂ ರಂಗಮಂದಿರದ ಬಾಗಿಲು ಪೂರ್ತಿ ಮುಚ್ಚಲಿಲ್ಲ. ೧೯೨೨ರಲ್ಲಿ ಕಲಾ ರಂಗಮಂದಿರದವರು ವಿದೇಶಯಾತ್ರೆ ಹೊರಟು ಬರ್ಲಿನ್, ಪ್ರಾಗ್, ಪ್ಯಾರಿಸ್ ನಗರಗಳಲ್ಲಿ ಪ್ರದರ್ಶನಗಳನ್ನಿತ್ತು, ೧೯೨೩ನೆಯ ಜನವರಿಯಲ್ಲಿ ನ್ಯೂಯಾರ್ಕನ್ನು ತಲಪಿದರು. ಆಟಗಳೆಲ್ಲ ರಷ್ಯನ್ ಭಾಷೆಯಲ್ಲಿ. ನೋಡುವವರಲ್ಲಿ ಬಹುಮಂದಿಗೆ ಮಾತು ತಿಳಿಯದು. ಆದರೂ ನಟರು ಒಬ್ಬರನ್ನೊಬ್ಬರು ನೋಡುವ ನೋಟದಿಂದ, ಸುಮ್ಮನೆ ಕುಳಿತಿರುವ ರೀತಿಯಿಂದ, ಅಮೆರಿಕಾದ ತರುಣ ಕಲಾವಿದರು ಬೆರಗಾದರು. ಚಿಕ್ಕ ಪಾತ್ರದವನೂ ದೊಡ್ಡ ಪಾತ್ರದವನಷ್ಟೇ ಸತ್ಯವಾಗಿ ಅಭಿನಯಿಸುವನೆಂಬುದು ಅವರು ಹಿಂದೆ ಕಂಡಿದ್ದ ಸಂಗತಿಯಲ್ಲ. ಎರಡನೆಯ ಸಲದ ಯಾತ್ರೆ ಮುಗಿದು ೧೯೨೪ರಲ್ಲಿ ಮಂಡಲಿ ಸ್ವದೇಶಕ್ಕೆ ಮರಳಿದಾಗ ಉಸ್ಪೆನ್‌ಸ್ಕಾಯ ಮರಳಲಿಲ್ಲ. ಆಗಲೇ ಅಮೆರಿಕಾದಲ್ಲಿ ನೆಲೆಸಿದ್ದ ಹಳೆಯ ಒಡನಾಡಿ ರಿಚರ್ಡ್ ಬೊಲೆಸ್ಲಾವ್‌ಸ್ಕಿಯು ೧೯೨೩ರಲ್ಲಿ ಸ್ಥಾಪಿಸಿದ್ದ ‘ಅಮೆರಿಕನ್ ಲ್ಯಾಬೊರೇಟರಿ ಥಿಯೇಟರ್’ ಎಂಬ ಶಾಲೆಯಲ್ಲಿ ಅಭಿನಯದ ಉಪಾಧ್ಯಾಯಿನಿಯಾಗಿ ನಿಂತಳು.

ನಲವತ್ತೆಂಟನೆಯ ವಯಸ್ಸಿನಲ್ಲಿ, ಭಾಷೆ ಬಾರದ ದೇಶದಲ್ಲಿ, ಬಂಧುವರ್ಗವಿಲ್ಲದೆ ಹೊಸ ಬಾಳನ್ನು ತೊಡಗಿದ ಈ ಹೆಂಗಸಿನ ಆಕೃತಿಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಎತ್ತರ ಬಹಳ ಕಡಮೆ, ಹಕ್ಕಿಯಂಥ ದೇಹ, ಒಂದು ಕಣ್ಣಿಗೆ ಮಾತ್ರ ಸಿಕ್ಕಿಸಿದ ಒಂಟಿ ಕನ್ನಡಕ, ಬೆರಳ ಸಂದಿನಲ್ಲಿ ಆರದ ಸಿಗರೇಟು. ಇಂಗ್ಲಿಷು ಉಚ್ಚಾರಣೆಯಲ್ಲಿ ರಷ್ಯದ ಸೊಗಡು ಕಡೆಯವರೆಗೂ ಹೋಗಲಿಲ್ಲ. ಪಾಠದಲ್ಲಿ ಬಹಳ ಕಟ್ಟುನಿಟ್ಟು. ಸುಳ್ಳು ಅಭಿನಯವನ್ನು ಕಂಡರೆ ಆಕೆ ಸೈರಿಸಳು. ಎಷ್ಟೋ ವಿದ್ಯಾರ್ಥಿಗಳು ಕಣ್ಣೀರಿಟ್ಟುಕೊಂಡು ತರಗತಿಯಿಂದ ಹೊರಬಿದ್ದರೆಂಬ ಪ್ರತೀತಿಯಿದೆ.

ಬೊಲೆಸ್ಲಾವ್‌ಸ್ಕಿ ಉಪನ್ಯಾಸಕ; ಸಿದ್ಧಾಂತವನ್ನು ನಿರೂಪಿಸುವವನು. ಉಸ್ಪೆನ್‌ಸ್ಕಾಯ ಆ ಸಿದ್ಧಾಂತವನ್ನು ವಿದ್ಯಾರ್ಥಿಯ ಮೈಗೂ ಮನಸ್ಸಿಗೂ ಹತ್ತಿಸುವವಳು. ಒಬ್ಬನು ಸೂತ್ರಕಾರ, ಮತ್ತೊಬ್ಬಳು ಪ್ರಯೋಗಕಾರಳು ಎನ್ನಬಹುದು. ಆಕೆಯ ಪಾಠದ ಕ್ರಮ ಹೀಗೆ: ಮೊದಲು ಏಕಾಗ್ರತೆ. ಯಾವುದಾದರೊಂದು ವಸ್ತುವನ್ನು ಮುಂದಿಟ್ಟು ಅದರ ಬಣ್ಣ, ಗೆರೆ, ಭಾರಗಳನ್ನು ಮನಸ್ಸಿಗೆ ತಂದುಕೊಳ್ಳುವುದು. ಅದನ್ನು ತೆಗೆದಿಟ್ಟ ಬಳಿಕ ಇಲ್ಲದ ವಸ್ತುವನ್ನೇ ಕೈಯಲ್ಲಿ ಹಿಡಿದಂತೆ ನಡೆದುಕೊಳ್ಳುವುದು. ಅನಂತರ ಪ್ರಾಣಿಗಳ ಚಲನವಲನಗಳನ್ನು ನೋಡಿ ಅವುಗಳ ಗುಣವನ್ನು ಮೈಗೂಡಿಸಿಕೊಳ್ಳುವುದು. ಬಳಿಕ ಒಂದು ನಿಮಿಷದ ಪುಟ್ಟ ನಾಟಕಗಳನ್ನು ಆಶುವಾಗಿ ಹೂಡುವುದು. ಇವೆಲ್ಲಕ್ಕೂ ಮೇಲಾಗಿ ‘ಭಾವಸ್ಮರಣೆ’ ಎಂದು ನಾವು ಕರೆಯಬಹುದಾದ ಅಭ್ಯಾಸ. ರೀಬೋ ಎಂಬ ಫ್ರೆಂಚ್ ಮನಶ್ಶಾಸ್ತ್ರಜ್ಞನಿಂದ ಸ್ಟಾನಿಸ್ಲಾವ್‌ಸ್ಕಿ ಪಡೆದ ವಿಚಾರವಿದು. ತನ್ನ ಬಾಳಿನಲ್ಲಿ ಹಿಂದೆ ಅನುಭವಿಸಿದ ಶೋಕವನ್ನೋ ಭಯವನ್ನೋ ಹರ್ಷವನ್ನೋ ನಟನು ನೆನಪಿನಿಂದ ಎಬ್ಬಿಸಿ, ಆ ಭಾವದಿಂದ ಪಾತ್ರವನ್ನು ತುಂಬಬೇಕೆಂಬುದು ಇದರ ತಾತ್ಪರ್ಯ.

೩

ನನ್ನ ಸಂದೇಹವನ್ನು ಹೇಳುವ ಸ್ಥಳ ಇದೇ. ವಾಚಕರು ಸ್ವಲ್ಪ ಕಾಲ ಮಾಸ್ಕೋ, ನ್ಯೂಯಾರ್ಕುಗಳನ್ನು ಬಿಟ್ಟು ನಮ್ಮ ಸೀಮೆಯ ಒಂದು ಹಳ್ಳಿಯ ಪಾಠಶಾಲೆಗೆ ಬರಬೇಕು.

೧೯೮೬ನೆಯ ಇಸವಿ. ನಾನು ಉದ್ಯೋಗಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ವಾರ್ಷಿಕೋತ್ಸವಕ್ಕಾಗಿ ಹರಿಶ್ಚಂದ್ರನ ಕಥೆಯ ಶ್ಮಶಾನ ಪ್ರಸಂಗವನ್ನು ಹುಡುಗರಿಂದ ಆಡಿಸಲು ಹೊರಟೆನು. ಚಂದ್ರಮತಿಯ ಪಾತ್ರಕ್ಕೆ ಹದಿಮೂರು ವರ್ಷದ ಒಬ್ಬ ಹುಡುಗನನ್ನು ಆರಿಸಿದ್ದಾಯಿತು. ಕಂಠ ಮಧುರ, ಉಚ್ಚಾರಣೆ ನಿರ್ದುಷ್ಟ. ಆದರೆ ಲೋಹಿತಾಶ್ವನ ಶವದ ಮುಂದೆ ಅವನ ಅಳು ಮಾತ್ರ ಅಳುವಾಗಿರಲಿಲ್ಲ. ಹಲವು ದಿನ ತಿದ್ದಿದೆನು, ಪ್ರಯೋಜನ ಕಾಣಲಿಲ್ಲ. ಆ ಹುಡುಗನ ತಾಯಿ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದುದು ನನಗೆ ತಿಳಿದಿದ್ದಿತು. ಉತ್ಸವದ ದಿನ ಪರದೆ ಏಳುವುದಕ್ಕೆ ಮೊದಲು ಅವನನ್ನು ಪಕ್ಕಕ್ಕೆ ಕರೆದು, “ನಿಮ್ಮ ತಾಯಿಯನ್ನು ಹೊರಗೆ ಹಾಸಿ ಮಲಗಿಸಿದ್ದುದನ್ನು ನೆನೆದುಕೋ” ಎಂದು ಹೇಳಿದೆನು.

ಆ ದಿನ ಅವನು ಅತ್ತನು. ನೋಡುತ್ತಿದ್ದವರೆಲ್ಲ ಅತ್ತರು. ಕೈಚಪ್ಪಾಳೆ ನಿಲ್ಲಲಿಲ್ಲ. ಪರದೆ ಇಳಿದ ಮೇಲೂ ಅವನ ಅಳು ನಿಲ್ಲಲಿಲ್ಲ. ಮುಂದೆ ಹತ್ತು ಹನ್ನೆರಡು ದಿನ ಅವನು ಶಾಲೆಗೆ ಬರಲಿಲ್ಲ. ಬಂದ ಮೇಲೂ ಬಹುಕಾಲ ನನ್ನ ಮುಖವನ್ನು ನೋಡಿ ಮಾತನಾಡಲಿಲ್ಲ. ಅವನ ತಂದೆ ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿದ್ದಿತು.

ನಾನು ಓದಿದ ಶಾಸ್ತ್ರದಲ್ಲಿ ಇದಕ್ಕೆ ಪರವಾದ ಮಾತೂ ಇದೆ, ವಿರುದ್ಧವಾದ ಮಾತೂ ಇದೆ. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ಅಭಿನಯ ನಾಲ್ಕು ಬಗೆಯಷ್ಟೆ. ಸಾತ್ತ್ವಿಕವನ್ನು ಹೇಳುವಲ್ಲಿ ಭರತಮುನಿಯು, ಸತ್ತ್ವವೆಂಬುದು ಮನಸ್ಸಿನಿಂದ ಹುಟ್ಟತಕ್ಕುದು, ಮನಸ್ಸು ಸಮಾಹಿತವಾದಾಗ ಬರತಕ್ಕುದು, ದುಃಖವಿಲ್ಲದವನು ದುಃಖರೂಪವಾದ ರೋದನವನ್ನು ಹೇಗೆ ತಾನೆ ಅಭಿನಯಿಸಿಯಾನು ಎಂಬರ್ಥದ ಮಾತನ್ನು ಹೇಳಿರುವನು. ಇದನ್ನು ನಂಬಿಯೇ ನಾನು ಹುಡುಗನಿಗೆ ಹಾಗೆ ಹೇಳಿದುದು. ಆದರೆ ಅದೇ ಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಕಾಶ್ಮೀರದ ಅಭಿನವಗುಪ್ತಾಚಾರ್ಯನು ರಸವು ನಟನಲ್ಲಿ ಇಲ್ಲವೆನ್ನುವನು. ನಟನನ್ನು ‘ಪಾತ್ರ’ವೆಂದು ಕರೆಯುವುದೇ ಅದಕ್ಕಾಗಿ, ಪಾತ್ರೆಯು ತನ್ನಲ್ಲಿರುವ ಪಾನೀಯದ ರುಚಿಯನ್ನು ತಾನು ನೋಡದು, ಪರರಿಗೆ ರುಚಿಯನ್ನು ಒದಗಿಸುವುದಕ್ಕೆ ಸಾಧನವಾಗುವುದು. ಈ ಎರಡು ಮಾತುಗಳಲ್ಲಿ ನಾನು ಆ ಹುಡುಗನಿಗೆ ಮಾಡಿದುದು ಯಾವುದಕ್ಕೆ ಸೇರಿದುದು? ಪಾಠವೋ, ಅಪರಾಧವೋ? ಇದೇ ನನ್ನ ಸಂದೇಹ.

ಇದಕ್ಕೆ ಬಹಳ ವರ್ಷಗಳ ಮೇಲೆ, ನಿವೃತ್ತನಾಗಿ ಮನೆಯಲ್ಲಿ ಕುಳಿತಾಗ, ಈ ರಷ್ಯನ್ ಪರಂಪರೆಯ ಪುಸ್ತಕಗಳಲ್ಲಿ ಉತ್ತರದ ಎಳೆಯೊಂದು ಸಿಕ್ಕಿತು. ಭಾವಸ್ಮರಣೆಯನ್ನು ಅವರು ಬಳಸಿದರು, ನಿಜ. ಆದರೆ ಹಸಿಯಾದ ಗಾಯವನ್ನು ಮುಟ್ಟಲಾಗದೆಂಬ ನಿಯಮವನ್ನೂ ಅವರು ಇಟ್ಟುಕೊಂಡಿದ್ದರು. ಉಸ್ಪೆನ್‌ಸ್ಕಾಯಳ ಶಿಷ್ಯನಾದ ಲೀ ಸ್ಟ್ರಾಸ್‌ಬರ್ಗ್ ಎಂಬಾತನು, ಏಳು ವರ್ಷಗಳಾದರೂ ಹಳೆಯದಾಗದ ಅನುಭವವನ್ನು ನಟನು ಈ ಕಾರ್ಯಕ್ಕೆ ಕರೆಯಕೂಡದೆಂದು ವಿಧಿಸಿದನು. ನೆನಪು ಕಾಲದಲ್ಲಿ ಮಾಗಿ, ಅನುಭವಿಸಿದವನ ವಶಕ್ಕೆ ಬಂದಿರಬೇಕು. ಅದು ಅವನನ್ನು ಆಳುವಂತಿರಬಾರದು. ಮಾಗಿದ ಶೋಕ ಪಾತ್ರೆಯಲ್ಲಿ ನಿಲ್ಲುವುದು. ಹಸಿಯ ಶೋಕ ಪಾತ್ರೆಯನ್ನೇ ಒಡೆಯುವುದು. ಭರತನೂ ಅಭಿನವಗುಪ್ತನೂ ಹೇಳಿದ ಎರಡು ಮಾತುಗಳಿಗೆ ವಿರೋಧವಿಲ್ಲವೆಂದೂ, ಇವೆರಡರ ನಡುವೆ ಕಾಲವೆಂಬ ಮೂರನೆಯದೊಂದು ಇರುವುದೆಂದೂ ನನಗೆ ಆಗ ತೋರಿತು. ಮೂರು ತಿಂಗಳ ಶೋಕವನ್ನು ನಾನು ಮುಟ್ಟಿದ್ದೆನು. ಅಪರಾಧವೆಂಬುದೇ ಉತ್ತರ.

೪

ಪ್ರಕೃತಕ್ಕೆ ಬರೋಣ. ಆಕೆಯ ಶಿಷ್ಯಪರಂಪರೆ ಅಮೆರಿಕಾದ ನಾಟ್ಯಚರಿತ್ರೆಯನ್ನೇ ತಿರುಗಿಸಿತು. ಲ್ಯಾಬೊರೇಟರಿ ಥಿಯೇಟರಿನಲ್ಲಿ ಸ್ಟ್ರಾಸ್‌ಬರ್ಗ್, ಸ್ಟೆಲ್ಲಾ ಆಡ್ಲರ್, ಹೆರಾಲ್ಡ್ ಕ್ಲರ್ಮನ್ ಇವರು ಓದಿದರು. ೧೯೩೧ರಲ್ಲಿ ಹುಟ್ಟಿದ ‘ಗ್ರೂಪ್ ಥಿಯೇಟರ್’ ಎಂಬ ಪ್ರಸಿದ್ಧ ಮಂಡಲಿಗೆ ಇವರ ಹೆಸರುಗಳು ಸೇರಿಕೊಂಡಿವೆ. ೧೯೩೪ರಲ್ಲಿ ಸ್ಟೆಲ್ಲಾ ಆಡ್ಲರ್ ಪ್ಯಾರಿಸ್ಸಿನಲ್ಲಿ ಸ್ಟಾನಿಸ್ಲಾವ್‌ಸ್ಕಿಯನ್ನೇ ಕಂಡು, ಕೆಲವು ವಾರ ಅವನಲ್ಲಿ ಪಾಠ ಮಾಡಿ ಹಿಂದಿರುಗಿ, ಭಾವಸ್ಮರಣೆಗಿಂತ ಪಾತ್ರದ ಕ್ರಿಯೆಗೂ ಸನ್ನಿವೇಶದ ಕಲ್ಪನೆಗೂ ಗುರುವು ಹೆಚ್ಚು ಬೆಲೆ ಕೊಡುತ್ತಿರುವನೆಂದು ಸಾರಿದಳು. ಸ್ಟ್ರಾಸ್‌ಬರ್ಗ್ ಒಪ್ಪಲಿಲ್ಲ. ಒಬ್ಬಳೇ ಉಪಾಧ್ಯಾಯಿನಿಯ ಇಬ್ಬರು ಶಿಷ್ಯರು ಜೀವಮಾನವೆಲ್ಲ ಎರಡು ಮತಗಳ ಆಚಾರ್ಯರಂತೆ ವಾದಿಸಿದರು. ಒಂದೇ ಸೂತ್ರಕ್ಕೆ ಹಲವು ಭಾಷ್ಯಗಳನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆಡ್ಲರಳ ಶಿಷ್ಯನೇ ಮಾರ್ಲನ್ ಬ್ರಾಂಡೊ. ಇನ್ನು ಜಾನ್ ಗಾರ್‌ಫೀಲ್ಡ್, ಆನ್ ಬ್ಯಾಕ್ಸ್‌ಟರ್ ಮೊದಲಾದ ಚಲಚ್ಚಿತ್ರ ನಟರು ಉಸ್ಪೆನ್‌ಸ್ಕಾಯಳಲ್ಲಿಯೇ ನೇರವಾಗಿ ಕಲಿತವರು.

೧೯೨೯ರಲ್ಲಿ ಆಕೆ ನ್ಯೂಯಾರ್ಕಿನಲ್ಲಿ ತನ್ನದೇ ನಾಟ್ಯಶಾಲೆಯನ್ನು ತೆರೆದಳು. ಆ ವರ್ಷವೇ ಅಮೆರಿಕಾದ ಮಹಾ ಆರ್ಥಿಕ ಕುಸಿತವೂ ಮೊದಲಾಯಿತೆಂಬುದನ್ನು ನೆನೆದರೆ, ಇಂಥ ಶಾಲೆಗೆ ಹಣದ ಮುಗ್ಗಟ್ಟು ಹೇಗಿದ್ದಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಡಿಗೆ, ಸಂಬಳ, ದೀಪದ ಖರ್ಚು ಇವು ಕಲೆಯನ್ನು ಕೇಳಿ ಬರುವುದಿಲ್ಲ. ಆಕೆ ಅಲ್ಲೊಂದು ಇಲ್ಲೊಂದು ನಾಟಕದಲ್ಲಿ ಪಾತ್ರ ವಹಿಸುತ್ತಲೂ ಇದ್ದಳು. ೧೯೩೪ರಲ್ಲಿ, ಸಿಂಕ್ಲೇರ್ ಲೂಯಿಸ್ ಬರೆದ ‘ಡಾಡ್ಸ್‌ವರ್ತ್’ ಕಾದಂಬರಿಯ ನಾಟಕರೂಪದಲ್ಲಿ ವೃದ್ಧ ಪ್ರಭುಪತ್ನಿಯೊಬ್ಬಳ ಸಣ್ಣ ಪಾತ್ರ ಆಕೆಗೆ ಬಂದಿತು. ೧೯೩೬ರಲ್ಲಿ ವಿಲಿಯಂ ವೈಲರ್ ಅದನ್ನು ಚಲಚ್ಚಿತ್ರ ಮಾಡಿದಾಗ ಅದೇ ಪಾತ್ರಕ್ಕೆ ಆಕೆಯನ್ನೇ ಕರೆಯಿಸಿದರು. ರಷ್ಯದಲ್ಲಿ ಕೆಲವು ಮೂಕಚಿತ್ರಗಳಲ್ಲಿ ಕಾಣಿಸಿಕೊಂಡಿದ್ದುದನ್ನು ಬಿಟ್ಟರೆ, ಹಾಲಿವುಡ್ಡಿನಲ್ಲಿ ಇದೇ ಮೊದಲು. ಆಗ ಆಕೆಗೆ ಅರುವತ್ತು ವರ್ಷ. ನಮ್ಮಲ್ಲಿ ಷಷ್ಟಿಪೂರ್ತಿಯನ್ನು ಮಾಡಿಸಿಕೊಂಡು ಕೈಕೋಲು ಹಿಡಿಯುವ ವಯಸ್ಸು.

ಆ ಚಿತ್ರವನ್ನು ನನ್ನ ಮೊಮ್ಮಗನು ಮನೆಯ ಯಂತ್ರದಲ್ಲಿ ಹಾಕಿ ತೋರಿಸಿದನು. ಧನಿಕನಾದ ಅಮೆರಿಕನನೊಬ್ಬನ ಹೆಂಡತಿ ಮುಪ್ಪನ್ನು ಒಪ್ಪಲಾರದೆ, ಗಂಡನನ್ನು ಬಿಟ್ಟು, ವಿಯೆನ್ನಾ ನಗರದ ಒಬ್ಬ ತರುಣನನ್ನು ಮದುವೆಯಾಗಬೇಕೆಂದಿರುವಳು. ತರುಣನ ತಾಯಿ ಅವಳನ್ನು ನೋಡಲು ಬರುವಳು. ಕಪ್ಪು ಉಡುಪಿನ ಆ ಪುಟ್ಟ ಮುದುಕಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಧ್ವನಿಯನ್ನು ಏರಿಸದೆ, ವಿವಾಹವಿಚ್ಛೇದವನ್ನು ತಮ್ಮ ಧರ್ಮ ಒಪ್ಪದೆಂಬುದನ್ನೂ, ಮಗನಿಗೆ ಸಂತಾನ ಬೇಕೆಂಬುದನ್ನೂ, ಕಡೆಗೆ ತರುಣ ಗಂಡನ ಮುದಿ ಹೆಂಡತಿಗೆ ಸುಖವೆಲ್ಲಿಯದೆಂಬುದನ್ನೂ ಹೇಳಿಬಿಡುವಳು. ಎಲ್ಲ ಕೆಲವೇ ನಿಮಿಷ. ಬೈಗಳವಿಲ್ಲ, ಕೋಪವಿಲ್ಲ, ಕನಿಕರ ಕೂಡ ಸ್ವಲ್ಪ ಇರುವಂತಿದೆ. ಆದರೆ ಎದುರಿಗಿರುವ ಹೆಂಗಸು ಆ ಮಾತಿನ ಮುಂದೆ ಕುಸಿಯುವುದನ್ನು ನಾವು ನೋಡುವೆವು. ಸಹಾಯಕ ನಟಿಯರಿಗೆ ಅಕಾಡೆಮಿ ಪ್ರಶಸ್ತಿ ಕೊಡುವ ಪದ್ಧತಿ ಆ ವರ್ಷದ ಚಿತ್ರಗಳಿಂದಲೇ ಮೊದಲಾಯಿತು. ಸೂಚಿತವಾದ ಹೆಸರುಗಳಲ್ಲಿ ಆಕೆಯದೂ ಒಂದು. ಪ್ರಶಸ್ತಿ ಬೇರೊಬ್ಬಳಿಗೆ ಹೋಯಿತು.

ಹಾಲಿವುಡ್ಡಿನ ವಿಷಯದಲ್ಲಿ ಆಕೆಗೆ ಮೋಹವಿರಲಿಲ್ಲ. ಶಾಲೆಯ ಕಷ್ಟವೇ ಆಕೆಯನ್ನು ಅಲ್ಲಿಗೆ ಎಳೆಯಿತು. ಮುಂದೆ ಶಾಲೆಯನ್ನೂ ಅಲ್ಲಿಗೇ ಸಾಗಿಸಿದಳು. ೧೯೩೯ರ ‘ಲವ್ ಅಫೇರ್’ ಚಿತ್ರದಲ್ಲಿ ಮದೀರಾ ದ್ವೀಪದ ಅಜ್ಜಿಯ ಪಾತ್ರ: ಮೊಮ್ಮಗನೂ ಅವನೊಡನೆ ಹಡಗಿನಲ್ಲಿ ಬಂದ ಹೆಣ್ಣೂ ಒಂದು ಮಧ್ಯಾಹ್ನ ಆಕೆಯ ಮನೆಗೆ ಬಂದು ಹೋಗುವರು, ಅಷ್ಟೆ. ಮನೆಯ ಪುಟ್ಟ ಪ್ರಾರ್ಥನಾಮಂದಿರ, ಮುದುಕಿ ನುಡಿಸುವ ಪಿಯಾನೊ, ಆ ಹೆಣ್ಣು ಮೆಚ್ಚಿದ ಜಾಲರಿಯ ಶಾಲು, ಇವುಗಳಿಂದಲೇ ಆ ಭಾಗವು ಕಥೆಯ ಹೃದಯವಾಗಿದೆ. ಇದಕ್ಕೂ ಆಕೆಯ ಹೆಸರು ಪ್ರಶಸ್ತಿಗೆ ಸೂಚಿತವಾಯಿತು. ಆ ಸಲ ಪ್ರಶಸ್ತಿ ಪಡೆದವಳು ‘ಗಾನ್ ವಿತ್ ದಿ ವಿಂಡ್’ ಚಿತ್ರದ ಹ್ಯಾಟೀ ಮ್ಯಾಕ್‌ಡ್ಯಾನಿಯಲ್. ಆ ಗೌರವವನ್ನು ಪಡೆದ ಕರಿಯ ಜನಾಂಗದವರಲ್ಲಿ ಮೊದಲಿಗಳು. ಹೀಗೆ ಸೋತುದರಲ್ಲಿ ಸೋತವಳಿಗೂ ಅವಮಾನವಿಲ್ಲ.

ಅದೇ ವರ್ಷದ ‘ದಿ ರೇನ್ಸ್ ಕೇಮ್’ ಎಂಬ ಚಿತ್ರದಲ್ಲಿ ಆಕೆ ನಮ್ಮ ದೇಶದ ಮಹಾರಾಣಿಯಾದಳು! ರಾಂಚೀಪುರವೆಂಬ ಕಲ್ಪಿತ ಸಂಸ್ಥಾನ. ಭೂಕಂಪ, ಪ್ರವಾಹ, ವಾಂತಿಭೇದಿಯ ಪಿಡುಗು. ಮಹಾರಾಜನು ತೀರಿಕೊಂಡ ಮೇಲೆ ರಾಜ್ಯವನ್ನು ಹಿಡಿದು ನಿಲ್ಲಿಸುವ ವೃದ್ಧ ರಾಣಿ. ಪ್ರವಾಹವನ್ನು ತೋರಿಸಿದ ಚಮತ್ಕಾರಕ್ಕೆ, ಆಗ ತಾನೆ ಆರಂಭವಾಗಿದ್ದ ವಿಶೇಷ ದೃಶ್ಯತಂತ್ರದ ಅಕಾಡೆಮಿ ಪ್ರಶಸ್ತಿ ಮೊದಲನೆಯದಾಗಿ ಈ ಚಿತ್ರಕ್ಕೆ ಸಂದಿತು. ಅಷ್ಟೆಲ್ಲ ನೀರನ್ನು ಹರಿಸಿದವರಿಗೆ ಮುಖ್ಯ ಪಾತ್ರಗಳಿಗೆ ಭಾರತೀಯ ನಟರು ಸಿಕ್ಕಲಿಲ್ಲ. ರಾಜವೈದ್ಯನು ಅಮೆರಿಕನ್, ಮಹಾರಾಜನು ಇಂಗ್ಲಿಷಿನವನು, ಮಹಾರಾಣಿ ರಷ್ಯದವಳು. ೧೯೫೫ರಲ್ಲಿ ಇದೇ ಕಥೆಯನ್ನು ಮತ್ತೆ ತೆಗೆದಾಗಲೂ ಮಹಾರಾಣಿಯಾದವಳು ಯೂಜಿನೀ ಲಿಯೊಂಟೊವಿಚ್ ಎಂಬ ಇನ್ನೊಬ್ಬ ರಷ್ಯನಳೇ. ಹಾಲಿವುಡ್ಡಿನವರ ಲೆಕ್ಕದಲ್ಲಿ ಪರದೇಶವೆಂಬುದೆಲ್ಲ ಒಂದೇ ದೇಶ; ಉಚ್ಚಾರಣೆ ಬೇರೆಯಾಗಿದ್ದವರೆಲ್ಲ ಒಂದೇ ಜಾತಿ. ಇದನ್ನು ಆಕ್ಷೇಪಿಸುವುದು ನ್ಯಾಯವೇ. ಆದರೂ ಸತ್ಯವನ್ನು ಮುಚ್ಚಿಡಬಾರದು: ಉಡುಪು ನಮ್ಮದಲ್ಲ, ಮಾತು ನಮ್ಮದಲ್ಲ, ಆದರೆ ಅನಾಹುತದ ನಡುವೆ ಅಳಲು ಬಿಡುವಿಲ್ಲದೆ ಅಪ್ಪಣೆಗಳನ್ನು ಕೊಡುತ್ತಿರುವ ಆ ಮುದುಕಿಯಲ್ಲಿ, ದೊಡ್ಡ ಮನೆಗಳ ನಮ್ಮ ಅಜ್ಜಿಯರ ಗಾಂಭೀರ್ಯ ಕಂಡಿತೆಂದು ನನ್ನ ಮನೆಯವಳೇ ಹೇಳಿದಳು.

೧೯೪೦ರಲ್ಲಿ ಆಕೆ ಎರಡು ಚಿತ್ರಗಳಲ್ಲಿ ನೃತ್ಯದ ಉಪಾಧ್ಯಾಯಿನಿಯಾಗಿ ಬಂದಳು. ‘ವಾಟರ್‌ಲೂ ಬ್ರಿಜ್’ ಚಿತ್ರದ ಗುರು ನಿಯಮ ಮೀರಿದ ಹುಡುಗಿಯನ್ನು ಹೊರದೂಡುವ ನಿಷ್ಕರುಣಿ. ‘ಡ್ಯಾನ್ಸ್, ಗರ್ಲ್, ಡ್ಯಾನ್ಸ್’ ಚಿತ್ರದ ಗುರು ತನ್ನ ಶಿಷ್ಯೆಯನ್ನು ದೊಡ್ಡ ಮಂಡಲಿಗೆ ಸೇರಿಸಲು ಕರೆದೊಯ್ಯುವಾಗ ಬೀದಿಯಲ್ಲಿ ವಾಹನಕ್ಕೆ ಸಿಕ್ಕಿ ಸಾಯುವ ವಾತ್ಸಲ್ಯಮಯಿ. ಉಪಾಧ್ಯಾಯವೃತ್ತಿಯಲ್ಲಿ ಇದ್ದವರಿಗೆ ಈ ಇಬ್ಬರೂ ಬೇರೆಬೇರೆಯಲ್ಲವೆಂಬುದು ಗೊತ್ತು.

೫

ಆದರೆ ಲೋಕವು ಆಕೆಯನ್ನು ನೆನೆಯುವುದು ಇವಾವುದಕ್ಕೂ ಅಲ್ಲ. ೧೯೪೧ನೆಯ ಡಿಸೆಂಬರಿನಲ್ಲಿ ಹೊರಬಂದ ‘ದಿ ವುಲ್ಫ್ ಮ್ಯಾನ್’ ಎಂಬ ಭಯಾನಕ ಚಿತ್ರಕ್ಕೆ. ಮನುಷ್ಯನು ತೋಳನಾಗುವ ಕಥೆ. ಅದರಲ್ಲಿ ಅಲೆಮಾರಿ ಜಿಪ್ಸಿಗಳ ಮುದುಕಿ ಮಲೇವಾ ಈಕೆ. ಆಕೆಯ ಮಗನಾಗಿ ನಟಿಸಿದವನು ಬೇಲಾ ಲುಗೋಸಿ. ಅವನು ವಯಸ್ಸಿನಲ್ಲಿ ಆಕೆಗಿಂತ ಆರೇ ವರ್ಷ ಚಿಕ್ಕವನು! ಚಿತ್ರಕಥೆಯನ್ನು ಬರೆದ ಕರ್ಟ್ ಸಿಯೋಡ್‌ಮಾಕ್ ಎಂಬಾತನು ಹಿಟ್ಲರನ ಕಾಟಕ್ಕೆ ಜರ್ಮನಿಯನ್ನು ಬಿಟ್ಟು ಬಂದ ಯೆಹೂದ್ಯನು. ತೋಳಮನುಷ್ಯನ ಬಗ್ಗೆ ಅವನು ಕಟ್ಟಿದ ನಾಲ್ಕು ಸಾಲಿನ ಪದ್ಯವನ್ನು ಜನರು ಪುರಾತನ ಜಾನಪದವೆಂದೇ ನಂಬಿಬಿಟ್ಟರು. ನೆನ್ನೆ ಬರೆದ ಶ್ಲೋಕ ಇಂದು ವ್ಯಾಸೋಕ್ತಿಯೆಂದು ಚಲಾವಣೆಗೆ ಬರುವುದು ನಮ್ಮಲ್ಲಿಯೂ ಹೊಸದಲ್ಲ.

ಆ ಚಿತ್ರದಲ್ಲಿ ಮಲೇವಾ ಎರಡು ಬಾರಿ ಶವದ ಮುಂದೆ ನಿಲ್ಲುವಳು. ಮೊದಲು ಮಗನ ಶವ. ಕಡೆಯಲ್ಲಿ, ಆ ಮಗನಿಂದಲೇ ಶಾಪ ತಗುಲಿ ತೋಳನಾದ ಪರರ ಮಗನ ಶವ. ಎರಡು ಕಡೆಯೂ ಒಂದೇ ಸಮಾಧಾನದ ಮಾತು. ಸತ್ತವನು ನಡೆದ ದಾರಿಯ ಕಷ್ಟ ಅವನ ತಪ್ಪಿನಿಂದಾದುದಲ್ಲ, ಇನ್ನು ಅವನಿಗೆ ಶಾಂತಿ ದೊರೆಯಲಿ ಎಂಬ ಭಾವ. ಮುಖವಾಡ, ಕೂದಲು, ಮಂಜಿನ ಹೊಗೆ ಇವುಗಳಿಂದ ತುಂಬಿದ ಅಗ್ಗದ ಕಥೆಯಲ್ಲಿ, ಈ ಎರಡು ಸ್ಥಳಗಳು ಮಾತ್ರ ಬೇರೊಂದು ಲೋಕಕ್ಕೆ ಸೇರಿದಂತಿವೆ. ಆಕೆ ಅಳುವುದಿಲ್ಲ. ಧ್ವನಿ ನಡುಗುವುದೂ ಇಲ್ಲ. ಬಹುಕಾಲದ ಹಿಂದೆಯೇ ಅತ್ತು ಮುಗಿಸಿದವಳು ಮಾತನಾಡಿದಂತೆ ಮಾತನಾಡುವಳು. ಈ ಭಾಗವನ್ನು ನೋಡಿದ ರಾತ್ರಿಯೇ ನನಗೆ ಆ ಚಂದ್ರಮತಿಯ ಪಾತ್ರದ ಹುಡುಗನು ನೆನಪಾದುದು. ಅಂದಿನಿಂದಲೇ ಈಕೆಯ ಚರಿತ್ರೆಯನ್ನು ಹುಡುಕತೊಡಗಿದೆನು.

ಕಲಾ ರಂಗಮಂದಿರದಲ್ಲಿ ಬೆಳೆದವಳು ತೋಳನ ಚಿತ್ರಕ್ಕೂ, ೧೯೪೫ರಲ್ಲಿ ಟಾರ್ಜನ್ ಚಿತ್ರವೊಂದರ ರಾಣಿಯ ವೇಷಕ್ಕೂ ಇಳಿದುದು ಪತನವಲ್ಲವೆ ಎಂದು ಕೇಳುವವರುಂಟು. ಶಾಲೆಯನ್ನು ನಡೆಸಲು ಹಣ ಬೇಕಾಗಿದ್ದಿತೆಂಬುದು ಒಂದು ಉತ್ತರ. ಅದಕ್ಕಿಂತ ಮೇಲಾದ ಉತ್ತರವೆಂದರೆ, ದೊರೆತ ಪಾತ್ರ ಅಗ್ಗದ್ದಾದರೂ ಅಭಿನಯವನ್ನು ಅಗ್ಗಮಾಡಲಿಲ್ಲವೆಂಬುದು. ಸಣ್ಣ ಪಾತ್ರವೆಂಬುದಿಲ್ಲ, ಸಣ್ಣ ನಟನುಂಟು ಎಂಬ ಅರ್ಥದ ಬೋಧೆ ಆಕೆಯ ಗುರುವಿನ ಮನೆಯದು. ಅದನ್ನು ಪಾಠದಲ್ಲಿ ಹೇಳುವುದು ಸುಲಭ. ತೋಳನ ಚಿತ್ರದಲ್ಲಿ ಪಾಲಿಸುವುದು ಕಷ್ಟ.

ಆಕೆಯ ವಿಲಕ್ಷಣಗಳ ವಿಚಾರವಾಗಿಯೂ ಎರಡು ಮಾತು. ಜ್ಯೋತಿಷದಲ್ಲಿ ಆಕೆಗೆ ಅಪಾರ ನಂಬಿಕೆ. ಗ್ರಹಗತಿ ಅನುಕೂಲವಿಲ್ಲದ ಹೊತ್ತಿನಲ್ಲಿ ಚಿತ್ರೀಕರಣಕ್ಕೆ ನಿಲ್ಲಲು ಹಿಂಜರಿಯುತ್ತಿದ್ದಳೆಂದು ಸಹೋದ್ಯೋಗಿಗಳು ಹೇಳಿಕೊಂಡು ನಗುತ್ತಿದ್ದರಂತೆ. ರಾಹುಕಾಲವನ್ನು ನೋಡದೆ ಹೊಸಲು ದಾಟದ ಮನೆಗಳಲ್ಲಿ ಬೆಳೆದ ನಾವು ಆ ನಗೆಯಲ್ಲಿ ಸೇರುವುದು ಸರಿಯಲ್ಲ. ಒಂಟಿ ಕನ್ನಡಕವೂ ಸಿಗರೇಟೂ ಸಿಡುಕೂ ಆಕೆಯ ಹೆಸರಿನೊಡನೆ ಅಂಟಿಕೊಂಡು, ವಿದ್ಯೆಯ ಮಾತು ಹಿಂದೆ ಬಿದ್ದಿತು. ಲೋಕಕ್ಕೆ ಮನುಷ್ಯನ ವಿದ್ಯೆಗಿಂತ ಅವನ ವಿಚಿತ್ರವೇ ಬೇಗ ಕಾಣುವುದು.

ಕಡೆಯ ಚಿತ್ರ ೧೯೪೯ರದು. ಆ ವರ್ಷದ ಕೊನೆಯಲ್ಲಿ, ಮಲಗಿದ್ದಾಗ ಕೈಯಲ್ಲಿದ್ದ ಸಿಗರೇಟಿನಿಂದ ಹಾಸಿಗೆಗೆ ಕಿಚ್ಚು ಹತ್ತಿ ಮೈ ಸುಟ್ಟುಹೋಯಿತು. ಅದರೊಡನೆ ಲಕ್ವವೂ ಬಡಿಯಿತು. ೧೯೪೯ನೆಯ ಡಿಸೆಂಬರ್ ೩ರಂದು ಲಾಸ್ ಏಂಜಲೀಸ್ ನಗರದಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಆಕೆ ಕಾಲವಾದಳು. ಗ್ಲೆಂಡೇಲಿನ ರುದ್ರಭೂಮಿಯಲ್ಲಿ ಆಕೆಯ ಸಮಾಧಿಯಿದೆ. ಹುಟ್ಟಿದ ತೂಲಾ ಪಟ್ಟಣಕ್ಕೂ ಅದಕ್ಕೂ ನಡುವೆ ಅರ್ಧ ಭೂಮಂಡಲ.

ಆಕೆಯ ಪಾಠಗಳು ದೊಡ್ಡ ಗ್ರಂಥವಾಗಿ ಉಳಿಯಲಿಲ್ಲ. ಬೊಲೆಸ್ಲಾವ್‌ಸ್ಕಿಯ ಪಾಠಗಳು ೧೯೩೩ರಲ್ಲಿ ಪುಸ್ತಕವಾದುವು. ಸ್ಟ್ರಾಸ್‌ಬರ್ಗನೂ ಆಡ್ಲರಳೂ ಕೀರ್ತಿವಂತರಾದರು. ಇಂದು ಲೋಕದ ಯಾವ ನಾಟ್ಯಶಾಲೆಯಲ್ಲಿಯಾದರೂ ಒಬ್ಬ ವಿದ್ಯಾರ್ಥಿ ಇಲ್ಲದ ಬಟ್ಟಲನ್ನು ಕೈಯಲ್ಲಿ ಹಿಡಿದು ಅದರ ಬಿಸಿಯನ್ನು ನೆನೆಯಲು ಯತ್ನಿಸುತ್ತಿದ್ದರೆ, ಅವನಿಗೆ ಈ ಪುಟ್ಟ ಮುದುಕಿಯ ಹೆಸರು ಗೊತ್ತಿರಲಾರದು. ಉಪಾಧ್ಯಾಯರ ಪಾಡು ಸಾಮಾನ್ಯವಾಗಿ ಇಷ್ಟೇ, ಅದರಲ್ಲಿ ದುಃಖಪಡಬೇಕಾದುದಿಲ್ಲ.

ಆ ಹುಡುಗನ ವಿಚಾರವನ್ನು ಹೇಳಿ ಮುಗಿಸುವೆನು. ಅವನು ಈಗ ಐವತ್ತು ದಾಟಿದ ಗೃಹಸ್ಥ. ಹೋದ ವರ್ಷ ಒಂದು ಮದುವೆಯಲ್ಲಿ ಸಿಕ್ಕಿದಾಗ, ಅಂದು ನಾನು ಮಾಡಿದುದು ತಪ್ಪೆಂದು ಅವನಿಗೆ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದು ಅತ್ತುದು ನೆನಪಿದೆ, ಮೇಷ್ಟ್ರೇ; ನಾಟಕ ನೆನಪಿಲ್ಲ” ಎಂದನು. ಬಳಿಕ ನನ್ನನ್ನು ಊಟದ ಪಂಕ್ತಿಗೆ ಕೈಹಿಡಿದು ಕರೆದುಕೊಂಡು ಹೋದನು.